ಕೊಟ್ಟವ ಕೋಡಂಗಿಯಾಗದ ಹಾಗೆ

ಹಣ ಎಂಬುದು ಕಾಗದವೂ ಅಲ್ಲ, ಲೋಹವೂ ಅಲ್ಲ, ಅದೊಂದು ನಂಬಿಕೆ. ಈ ಮಾತನ್ನು ಕರಾವಳಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಾಗಿದ್ದ ಆ ದಿನಗಳಲ್ಲಿ ಇಷ್ಟೊಂದು ಬ್ಯಾಂಕುಗಳು ಇಲ್ಲಿಯೇ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿದಾಗ ಮನೆ ಬಾಗಿಲಿಗೆ ಬಂದ ಏಜೆಂಟನ ಕೈಗೆ ಜನ ಎರಡಾಣೆ ಕೊಟ್ಟು ನೆಮ್ಮದಿಯಿಂದ ಮಲಗುತ್ತಿದ್ದರು. ಆತನ ಮುಖ ಗೊತ್ತಿತ್ತು, ಮನೆ ಗೊತ್ತಿತ್ತು, ಆತನ ಹಿಂದೆ ನಿಂತ ಬ್ಯಾಂಕಿನ ಹೆಸರೂ ಗೊತ್ತಿತ್ತು. ಈ ಐದರಲ್ಲಿ ಮೂರು ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನಗೊಂಡು ಹೆಸರು ಕಳೆದುಕೊಂಡವು.

ಇಂಥ ನೆಲದಲ್ಲಿ ಈಗ ಮುಖವೂ ಇಲ್ಲದ, ಮನೆಯೂ ಇಲ್ಲದ, ಹಿಂದೆ ಯಾವ ಬ್ಯಾಂಕೂ ನಿಂತಿರದ ಒಂದು ಹಣದ ಮಾತು ಕೇಳಿಬರುತ್ತಿದೆ. ಅದೇ ಬಿಟ್‌ಕಾಯಿನ್. ಕಾಲೇಜು ಮೆಟ್ಟಿಲು ಹತ್ತಿದ ಹುಡುಗರಿಗೆ ಅದರ ಬೆಲೆ ಬಾಯಿಪಾಠ. ಅದನ್ನು ಕೊಳ್ಳುವ ದಾರಿಗಳಲ್ಲಿ ಒಂದು ಮಾತ್ರ ಹಿರಿಯರಿಗೂ ಕಿರಿಯರಿಗೂ ಸರಿಯಾಗಿ ಅರ್ಥವಾಗದೆ ಉಳಿದಿದೆ. ಅದು ಕೈಯಿಂದ ಕೈಗೆ ನಡೆಯುವ ವ್ಯಾಪಾರ. ಇಂಗ್ಲಿಷಿನಲ್ಲಿ ಪೀರ್ ಟು ಪೀರ್, ಹುಡುಗರ ಬಾಯಿಯಲ್ಲಿ ಪಿ-ಟು-ಪಿ.

ಮೊದಲ ವ್ಯಾಪಾರ

ಬಿಟ್‌ಕಾಯಿನ್ನಿನ ಹುಟ್ಟು ಒಂದು ಒಗಟು. ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಒಂದು ಚಿಕ್ಕ ಪ್ರಬಂಧ ಹೊರಬಿತ್ತು. 2009ರ ಜನವರಿ 3ರಂದು ಅದರ ಲೆಕ್ಕದ ಪುಸ್ತಕದ ಮೊದಲ ಪುಟ ತೆರೆಯಿತು. ಆ ಹೆಸರಿನ ಹಿಂದೆ ಇರುವವರು ಒಬ್ಬರೋ ಹಲವರೋ ಎಂಬುದು ಇಂದಿಗೂ ಬಯಲಾಗಿಲ್ಲ.

ಲೆಕ್ಕದ ಪುಸ್ತಕ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಬ್ಯಾಂಕಿನ ಲೆಡ್ಜರು ಬ್ಯಾಂಕಿನ ಕೈಯಲ್ಲಿ ಮಾತ್ರ ಇರುತ್ತದೆ. ಬಿಟ್‌ಕಾಯಿನ್ನಿನ ಲೆಡ್ಜರು ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತದೆ. ಸರಾಸರಿ ಹತ್ತು ನಿಮಿಷಕ್ಕೊಂದು ಪುಟ ಸೇರುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಅಚ್ಚೊತ್ತಿರುವುದರಿಂದ ಹಳೆಯ ಪುಟವೊಂದನ್ನು ತಿದ್ದಲು ಹೊರಟವನು ಅನಂತರದ ಎಲ್ಲ ಪುಟಗಳನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಒಂದು ಪುಟಕ್ಕೆ ಮೊದಲು 50ರಂತೆ ಹುಟ್ಟುತ್ತಿದ್ದ ನಾಣ್ಯಗಳು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂದು 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿದವು.

ಇನ್ನು ಒಡೆತನ. ಅಂಚೆ ಡಬ್ಬಿಯನ್ನು ನೆನಪಿಸಿಕೊಳ್ಳಿ. ಅದರೊಳಗೆ ಯಾರು ಬೇಕಾದರೂ ಕಾಗದ ಹಾಕಬಹುದು. ತೆಗೆಯಲು ಮಾತ್ರ ಬೀಗದ ಕೈ ಬೇಕು. ಬಿಟ್‌ಕಾಯಿನ್ನಿನ ವಿಳಾಸ ಆ ಡಬ್ಬಿಯಂತೆ, ಗುಟ್ಟಿನ ಸಂಖ್ಯೆ ಬೀಗದ ಕೈಯಂತೆ. ಆ ಸಂಖ್ಯೆಯನ್ನು ಸಾಮಾನ್ಯವಾಗಿ 12 ಅಥವಾ 24 ಇಂಗ್ಲಿಷ್ ಪದಗಳಾಗಿ ಬರೆದಿಟ್ಟುಕೊಳ್ಳುತ್ತಾರೆ. ಕೈ ಕಳೆದುಹೋದರೆ ಹೊಸತು ಮಾಡಿಕೊಡುವ ಮ್ಯಾನೇಜರಿಲ್ಲ. ತಪ್ಪು ವಿಳಾಸಕ್ಕೆ ಕಳಿಸಿದರೆ ಮರಳಿಸುವ ಅಧಿಕಾರಿಯೂ ಇಲ್ಲ. ಈ ಕೊನೆಯ ಮಾತನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮುಂದಿನ ಎಲ್ಲ ರಗಳೆಗಳ ಬೇರು ಇದೇ.

ಬಿಟ್‌ಕಾಯಿನ್ ಕೊಟ್ಟು ವಸ್ತು ಪಡೆದ ಪ್ರಸಿದ್ಧ ಪ್ರಥಮ ಪ್ರಸಂಗ ನಡೆದದ್ದು 2010ರ ಮೇ 22ರಂದು. ಅಮೆರಿಕದ ಫ್ಲೋರಿಡಾದ ಒಬ್ಬಾತ ಎರಡು ಪೀಜಾಗಳಿಗಾಗಿ ಹತ್ತು ಸಾವಿರ ಬಿಟ್‌ಕಾಯಿನ್ ಕೊಟ್ಟ. ಆಗಿನ ಲೆಕ್ಕದಲ್ಲಿ ಅದು ಸುಮಾರು 41 ಡಾಲರ್. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಪೀಜಾ ಅಂಗಡಿ ಬಿಟ್‌ಕಾಯಿನ್ ಪಡೆಯಲಿಲ್ಲ. ನಡುವೆ ಇದ್ದ ಮತ್ತೊಬ್ಬ ಯುವಕ ಅಂಗಡಿಗೆ ತನ್ನ ಹಣ ಕೊಟ್ಟು, ಬಿಟ್‌ಕಾಯಿನ್ನನ್ನು ತಾನು ಪಡೆದ. ಅಂದರೆ ಅದು ಅಪ್ಪಟ ಕೈಯಿಂದ ಕೈಗಿನ ವ್ಯಾಪಾರ. ಮೊದಲು ಕೊಟ್ಟವನು ಎದುರಿನವನು ಮಾತು ಉಳಿಸಿಕೊಳ್ಳುತ್ತಾನೆಂದು ನಂಬಿದ. ನಂಬಿಕೆ ಉಳಿಯಿತು. ಎಲ್ಲ ಕಾಲಕ್ಕೂ ಎಲ್ಲರಿಗೂ ಹಾಗಾಗುವುದಿಲ್ಲ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ತುಮಕೂರಿನಿಂದ ಬೆಂಗಳೂರಿಗೆ

ಕರ್ನಾಟಕಕ್ಕೂ ಈ ನಾಣ್ಯಕ್ಕೂ ನಂಟು ಹಳೆಯದು. ದೇಶದ ಆರಂಭದ ಬಿಟ್‌ಕಾಯಿನ್ ವಿನಿಮಯ ಸಂಸ್ಥೆಗಳಲ್ಲಿ ಒಂದಾದ ಯುನೋಕಾಯಿನ್ 2013ರಲ್ಲಿ ಹುಟ್ಟಿದ್ದು ತುಮಕೂರಿನಲ್ಲಿ. ಸಾತ್ವಿಕ್ ವಿಶ್ವನಾಥ್ ಅದರ ಸಂಸ್ಥಾಪಕರಲ್ಲೊಬ್ಬರು. ಅದೇ ವರ್ಷದ ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕ್ ಇಂಥ ನಾಣ್ಯಗಳ ಅಪಾಯದ ಬಗ್ಗೆ ಮೊದಲ ಎಚ್ಚರಿಕೆ ನೀಡಿತು.

ನಿಜವಾದ ಪೆಟ್ಟು ಬಿದ್ದದ್ದು 2018ರ ಏಪ್ರಿಲ್ 6ರಂದು. ಬಿಟ್‌ಕಾಯಿನ್ ವ್ಯವಹಾರ ನಡೆಸುವವರಿಗೆ ಬ್ಯಾಂಕುಗಳು ಸೇವೆ ನೀಡಕೂಡದು, ನೀಡುತ್ತಿದ್ದರೆ ಮೂರು ತಿಂಗಳೊಳಗೆ ನಿಲ್ಲಿಸಬೇಕು ಎಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ನಾಣ್ಯ ಕೊಳ್ಳುವುದು ಅಪರಾಧವೆಂದು ಅದು ಹೇಳಲಿಲ್ಲ. ಹಣ ಹರಿಯುವ ಕಾಲುವೆಗೆ ಮಾತ್ರ ಕಟ್ಟೆ ಹಾಕಿತು. ಕಟ್ಟೆ ಹಾಕಿದರೆ ನೀರು ಬೇರೆ ದಾರಿ ಹುಡುಕುವುದು ಸಹಜ. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲಿನಲ್ಲಿ ಯುನೋಕಾಯಿನ್ ಒಂದು ಯಂತ್ರವನ್ನು ಇರಿಸಿತು. ಬ್ಯಾಂಕಿನ ಸಹಾಯವಿಲ್ಲದೆ ನಗದು ಹಾಕಿ ತೆಗೆಯುವ ಯಂತ್ರವದು. ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಂಡರು. ಸಂಸ್ಥಾಪಕರ ಬಂಧನವೂ ಆಯಿತು.

ಯಂತ್ರ ಹೋದರೂ ಮನುಷ್ಯರು ಉಳಿದರು. ಆಗಲೇ ಪಿ-ಟು-ಪಿ ದೇಶದಲ್ಲಿ ಬೇರೂರಿದ್ದು. ಸಂಸ್ಥೆಯ ಖಾತೆಗೆ ಹಣ ಕಟ್ಟುವಂತಿಲ್ಲ, ಸರಿ. ಆದರೆ ರಾಮಣ್ಣನ ಖಾತೆಯಿಂದ ಶ್ಯಾಮಣ್ಣನ ಖಾತೆಗೆ ಹಣ ಹೋಗುವುದನ್ನು ತಡೆಯುವವರು ಯಾರು? 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಸುತ್ತೋಲೆಯನ್ನು ರದ್ದುಪಡಿಸಿತು. ಬ್ಯಾಂಕುಗಳ ಬಾಗಿಲು ಮತ್ತೆ ತೆರೆಯಿತು. ಆದರೆ ಕಲಿತ ಕಾಲುದಾರಿಯನ್ನು ಜನ ಮರೆಯಲಿಲ್ಲ.

ದ್ವೀಪದವರ ಕಷ್ಟ

ಈ ಕಾಲುದಾರಿ ಭಾರತದ್ದು ಮಾತ್ರವಲ್ಲ. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪಗಳಲ್ಲಿ ಅದೇ ಹೆದ್ದಾರಿ. ಆ ಭಾಗದ ಎಂಟು ಪ್ರದೇಶಗಳು ಸೇರಿ ಬಳಸುವ ಪೂರ್ವ ಕೆರಿಬಿಯನ್ ಡಾಲರ್ 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70ರಂತೆ ಕಟ್ಟಿಹಾಕಲ್ಪಟ್ಟಿದೆ. ಹಣ ಗಟ್ಟಿ, ಆದರೆ ಊರು ಚಿಕ್ಕದು. ದೊಡ್ಡ ವಿದೇಶಿ ಬ್ಯಾಂಕುಗಳು ಚಿಕ್ಕ ದ್ವೀಪಗಳ ಬ್ಯಾಂಕುಗಳ ಜೊತೆಗಿನ ಸಂಬಂಧವನ್ನು ಕಡಿದುಕೊಳ್ಳುತ್ತ ಬಂದಿವೆ. ಅಷ್ಟು ಕಡಿಮೆ ವ್ಯವಹಾರಕ್ಕೆ ಅಷ್ಟೊಂದು ತಪಾಸಣೆಯ ಖರ್ಚು ಗಿಟ್ಟುವುದಿಲ್ಲವೆಂಬುದು ಅವುಗಳ ಲೆಕ್ಕ. ಹೀಗಾಗಿ ಅಲ್ಲಿ ಬಿಟ್‌ಕಾಯಿನ್ ಬೇಕೆಂದರೆ ಮಾರುವ ಮನುಷ್ಯನನ್ನೇ ಹುಡುಕಿಕೊಂಡು, ಮಾರುಕಟ್ಟೆಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಕೊಳ್ಳಬೇಕಾಗುತ್ತದೆ. ಅಲ್ಲಿನ ಕೇಂದ್ರ ಬ್ಯಾಂಕ್ 2021ರಲ್ಲಿ ಡಿ-ಕ್ಯಾಶ್ ಎಂಬ ಸ್ವಂತ ಡಿಜಿಟಲ್ ಹಣ ತಂದಿತಾದರೂ 2022ರ ಜನವರಿಯಲ್ಲಿ ಅದು ಕೆಟ್ಟು ವಾರಗಟ್ಟಲೆ ನಿಂತುಹೋಯಿತು.

ದ್ವೀಪದವನಿಗೆ ಬೇರೆ ದಾರಿಯಿಲ್ಲ, ಆದ್ದರಿಂದ ಕಾಲುದಾರಿ. ಬಂಟ್ವಾಳ ತಾಲೂಕಿನವನಿಗೆ ಆ ಕಷ್ಟವಿಲ್ಲ. ನೋಂದಾಯಿತ ಸಂಸ್ಥೆಗಳಿವೆ, ಪೇಟೆಗೆರಡು ಬ್ಯಾಂಕುಗಳಿವೆ, 2016ರಿಂದ ಯುಪಿಐ ಇದೆ. ಆದರೂ ಈತ ಕಾಲುದಾರಿಗೆ ಏಕೆ ಇಳಿಯುತ್ತಾನೆ? ಕಾರಣ ಸಾಮಾನ್ಯವಾಗಿ ಮೂರು. ಒಂದು, ನಾಲ್ಕು ಕಾಸು ಹೆಚ್ಚು ಸಿಗುವ ಆಸೆ. ಎರಡು, ರೂಪಾಯಿಯನ್ನು ನೇರವಾಗಿ ಪಡೆಯದ ವಿದೇಶಿ ಸಂಸ್ಥೆಗಳಲ್ಲಿ ವ್ಯವಹರಿಸುವ ಚಪಲ. ಮೂರು, ತೆರಿಗೆಯವರ ಕಣ್ಣಿಗೆ ಬೀಳುವುದಿಲ್ಲವೆಂಬ ಭ್ರಮೆ.

ನಡುವಿನ ಹಿರಿಯ

ವ್ಯಾಪಾರ ನಡೆಯುವ ಕ್ರಮ ಹೀಗಿದೆ. ಮಾರುವವನು ತನ್ನ ದರವನ್ನು ಪ್ರಕಟಿಸುತ್ತಾನೆ. ಕೊಳ್ಳುವವನು ಒಪ್ಪಿದ ಕೂಡಲೇ ಮಾರುವವನ ನಾಣ್ಯವನ್ನು ನಡುವಿನ ಸಂಸ್ಥೆ ತಡೆಹಿಡಿದು ಇಟ್ಟುಕೊಳ್ಳುತ್ತದೆ. ಜಾಗದ ವ್ಯಾಪಾರದಲ್ಲಿ ಮುಂಗಡದ ಹಣವನ್ನು ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಕೈಯಲ್ಲಿ ಇಟ್ಟ ಹಾಗೆ. ಇದಕ್ಕೆ ಎಸ್ಕ್ರೋ ಎಂದು ಹೆಸರು. ಕೊಳ್ಳುವವನು ಮಾರುವವನ ಬ್ಯಾಂಕ್ ಖಾತೆಗೆ ನೇರವಾಗಿ ರೂಪಾಯಿ ಕಳಿಸುತ್ತಾನೆ. ಹಣ ಬಂತೆಂದು ಮಾರುವವನು ಒಪ್ಪಿದ ಮೇಲೆ ನಾಣ್ಯ ಬಿಡುಗಡೆಯಾಗುತ್ತದೆ. ಈಗ ಹೀಗೆ ಕೈ ಬದಲಾಗುವುದರಲ್ಲಿ ಬಿಟ್‌ಕಾಯಿನ್ನಿಗಿಂತ ಅಮೆರಿಕನ್ ಡಾಲರಿಗೆ ಕಟ್ಟಿಹಾಕಿದ ಟೆದರ್ ಎಂಬ ನಾಣ್ಯದ್ದೇ ಹೆಚ್ಚು ಓಡಾಟ.

ಈ ಏರ್ಪಾಟಿನಲ್ಲಿ ಒಂದು ಬಿರುಕಿದೆ. ನಡುವಿನ ಹಿರಿಯ ನಾಣ್ಯವನ್ನು ಮಾತ್ರ ನೋಡಬಲ್ಲ. ರೂಪಾಯಿ ಎಲ್ಲಿಂದ ಬಂತೆಂದು ಆತನಿಗೆ ಕಾಣುವುದಿಲ್ಲ. ನಾಣ್ಯ ಒಮ್ಮೆ ಹೋದರೆ ಮರಳದು, ಆದರೆ ರೂಪಾಯಿಯ ಜಾಡನ್ನು ಪೊಲೀಸರು ಹಿಡಿಯಬಲ್ಲರು. ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಕಾಲು ದೋಣಿಯಲ್ಲಿ ಎಂಬಂಥ ಸ್ಥಿತಿ ಇದು. ವಂಚಕರು ಕಾಲಿಟ್ಟಿರುವುದು ಸರಿಯಾಗಿ ಈ ಸಂದಿಯಲ್ಲೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಲ್ಲಡ್ಕದ ಕಡೆಯ ಒಬ್ಬ ಯುವಕ, ಮಂಗಳೂರಿನಲ್ಲಿ ಕೆಲಸ. ಮನೆಯ ಮಾಡು ರಿಪೇರಿಗೆಂದು ಹಿಂದೆ ಕೊಂಡಿದ್ದ ಅರುವತ್ತು ಸಾವಿರ ರೂಪಾಯಿಯಷ್ಟು ನಾಣ್ಯವನ್ನು ಮಾರಲು ಹೊರಡುತ್ತಾನೆ. ಅಪರಿಚಿತನೊಬ್ಬ ಒಳ್ಳೆಯ ದರ ಕೊಡುತ್ತೇನೆನ್ನುತ್ತಾನೆ. ಅದೇ ಹೊತ್ತಿಗೆ ಆ ಅಪರಿಚಿತ ದೂರದ ಇನ್ನೊಂದು ರಾಜ್ಯದಲ್ಲಿ ನಿವೃತ್ತರೊಬ್ಬರಿಗೆ ಪೊಲೀಸ್ ವೇಷದಲ್ಲಿ ವೀಡಿಯೊ ಕರೆ ಮಾಡಿ, 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಈ ಖಾತೆಗೆ ಅರುವತ್ತು ಸಾವಿರ ಹಾಕಿ' ಎಂದು ಬೆದರಿಸುತ್ತಿರುತ್ತಾನೆ. ಆತ ಕೊಟ್ಟ ಖಾತೆ ಯಾರದು? ಕಲ್ಲಡ್ಕದ ಯುವಕನದು! ಹಣ ಬಂದದ್ದನ್ನು ಕಂಡು ಯುವಕ ಖುಷಿಯಿಂದ ನಾಣ್ಯ ಬಿಡುತ್ತಾನೆ. ವಂಚಕ ನಾಣ್ಯದೊಂದಿಗೆ ಮಾಯ. ಆತನ ಹೆಸರು ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲ. ಮೋಸ ಹೋದ ಹಿರಿಯರು ದೂರು ಕೊಟ್ಟಾಗ ಪೊಲೀಸರ ಕಣ್ಣಿಗೆ ಬೀಳುವ ಮೊದಲ ಹೆಸರು ಈ ಯುವಕನದೇ.

ಹತ್ತು ದಿನ ಕಳೆದು ಅಂಗಡಿಯಲ್ಲಿ ದುಡ್ಡು ಕೊಡಲು ಹೊರಟರೆ ಯುಪಿಐ ಓಡುವುದಿಲ್ಲ. ಬ್ಯಾಂಕಿಗೆ ಓಡಿದರೆ, 'ಇಂಥ ರಾಜ್ಯದ ಸೈಬರ್ ಠಾಣೆಯಿಂದ ಸೂಚನೆ ಬಂದಿದೆ, ಖಾತೆ ತಡೆಹಿಡಿದಿದ್ದೇವೆ, ಅಲ್ಲಿಯೇ ವಿಚಾರಿಸಿ' ಎಂಬ ಉತ್ತರ. ಸಂಬಳ ಅದೇ ಖಾತೆಗೆ, ಸಾಲದ ಕಂತು ಅದೇ ಖಾತೆಯಿಂದ, ತಂದೆಯ ಔಷಧಿಯ ಹಣವೂ ಅದರಲ್ಲೇ. ಈತ ಕದ್ದವನಲ್ಲ. ಆದರೆ ಕದ್ದ ಹಣ ಈತನ ಮನೆಯ ಜಗಲಿಯಲ್ಲಿ ಸಿಕ್ಕಿದೆ. ಸಂಬಳದ ಖಾತೆಯಲ್ಲಿ ಪಿ-ಟು-ಪಿ ನಡೆಸಿದವರಿಗೆ ಒದಗುವ ಸಂಕಟದ ನಮೂನೆಯೇ ಇದು.

ಕಲ್ಲಡ್ಕದ ಹೆಸರಾಂತ ಕೆ.ಟಿ. ಚಹಾವನ್ನು ಇಲ್ಲಿ ನೆನೆಯಬಹುದು. ಗ್ಲಾಸಿನ ತಳದಲ್ಲಿ ಸಕ್ಕರೆ ಬೆರೆತ ಹಾಲು, ಮೇಲೆ ಚಹಾದ ಡಿಕಾಕ್ಷನ್. ಸಕ್ಕರೆ ಬೆರೆತ ಹಾಲಿನ ಸಾಂದ್ರತೆ ಹೆಚ್ಚಾದ್ದರಿಂದ ನಿಧಾನವಾಗಿ ಹೊಯ್ದ ಡಿಕಾಕ್ಷನ್ ಮೇಲೆಯೇ ನಿಲ್ಲುತ್ತದೆ. ಚಮಚ ಆಡಿಸುವ ತನಕ ಎರಡೂ ಬೇರೆ ಬೇರೆ. ಬ್ಯಾಂಕ್ ಖಾತೆಯಲ್ಲಿ ಹಣ ಹಾಗೆ ಪದರವಾಗಿ ನಿಲ್ಲುವುದಿಲ್ಲ. ಒಳ್ಳೆಯ ರೂಪಾಯಿ, ಕಳ್ಳ ರೂಪಾಯಿ ಎಂದು ಅದಕ್ಕೆ ಬಣ್ಣವಿಲ್ಲ. ಒಂದು ಹನಿ ಬಿದ್ದರೂ ಇಡೀ ಗ್ಲಾಸನ್ನೇ ಬದಿಗಿಡುತ್ತಾರೆ. ವಿವಾದದ ಮೊತ್ತವನ್ನಷ್ಟೇ ತಡೆಹಿಡಿಯಬೇಕು, ಇಡೀ ಖಾತೆಯನ್ನಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿರುವುದು ಇಂಥವರಿಗೆ ಒಂದು ಆಸರೆ. ಆದರೆ ಆ ಆಸರೆಯನ್ನು ತಲುಪುವ ಹೊತ್ತಿಗೆ ವಕೀಲರ ಫೀಸು, ಬಸ್ಸಿನ ಖರ್ಚು, ರಜೆ ಎಲ್ಲ ಸೇರಿ ಹೆಚ್ಚು ಸಿಕ್ಕ ನಾಲ್ಕು ಕಾಸು ಎಂದೋ ಕರಗಿರುತ್ತದೆ.

ಕೊಳ್ಳುವವನಿಗೂ ಅಪಾಯ ತಪ್ಪಿದ್ದಲ್ಲ. 'ಸಂಸ್ಥೆಯ ಕಮಿಷನ್ ಏಕೆ ಕೊಡಬೇಕು, ಟೆಲಿಗ್ರಾಮಿನಲ್ಲಿ ನೇರವಾಗಿ ಮಾತಾಡೋಣ' ಎಂದು ಮಾರುವವನು ಹೊರಗೆ ಕರೆದರೆ ನಡುವಿನ ಹಿರಿಯನೂ ಇಲ್ಲದಂತಾಗುತ್ತದೆ. ಹಣ ಕಳಿಸಿ ಕಾದರೆ ಬರುವುದು ಮೌನ. ಇನ್ನು ಹಣ ಕಳಿಸಿದ ಖಾತೆ ವಂಚಕರ ಬಾಡಿಗೆ ಖಾತೆಯಾಗಿದ್ದರೆ ಕಳಿಸಿದವನೂ ವಿಚಾರಣೆಗೆ ಉತ್ತರಿಸಬೇಕಾದೀತು. ಗಲ್ಫಿನಲ್ಲಿರುವ ಪರಿಚಯದವರಿಗೆ ಅಲ್ಲಿ ನಾಣ್ಯ, ಇಲ್ಲಿ ರೂಪಾಯಿ ಎಂಬ ಏರ್ಪಾಟು ಮಾಡಿಕೊಳ್ಳುವವರು ಅದು ಹಳೆಯ ಹವಾಲಾದ ಹೊಸ ಅಂಗಿಯಾಗಬಹುದೆಂದೂ, ವಿದೇಶಿ ವಿನಿಮಯದ ಕಾನೂನು ಅಲ್ಲಿ ಎದುರಾಗುತ್ತದೆಂದೂ ತಿಳಿದಿರಬೇಕು.

ತೆರಿಗೆಯ ಲೆಕ್ಕ

ಕೈಯಿಂದ ಕೈಗೆ ಕೊಂಡರೆ ಸರಕಾರಕ್ಕೆ ಗೊತ್ತಾಗದೆಂಬುದು ಎರಡು ರೀತಿಯಲ್ಲಿ ತಪ್ಪು. ಬಿಟ್‌ಕಾಯಿನ್ನಿನ ಲೆಡ್ಜರನ್ನು ಯಾರು ಬೇಕಾದರೂ ಓದಬಹುದು. ರೂಪಾಯಿ ಹರಿದದ್ದು ಬ್ಯಾಂಕಿನ ಪುಸ್ತಕದಲ್ಲಿದೆ. 2022ರ ಏಪ್ರಿಲ್ 1ರಿಂದ ಇಂಥ ನಾಣ್ಯಗಳ ಲಾಭಕ್ಕೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಆ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ. 1 ಮುರಿದುಕೊಳ್ಳುವ ನಿಯಮವೂ ಬಂತು. ಸಂಬಳದ ಸಾಮಾನ್ಯ ವ್ಯಕ್ತಿಯ ಮಟ್ಟಿಗೆ ವರ್ಷಕ್ಕೆ 50 ಸಾವಿರ ರೂಪಾಯಿ ದಾಟಿದಾಗ ಇದು ಅನ್ವಯಿಸುತ್ತದೆ. ಪಿ-ಟು-ಪಿಯಲ್ಲಿ ಈ ಒಂದು ಪಾಲನ್ನು ಮುರಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವನದು. ಇದು ಬಹಳ ಮಂದಿಗೆ ಗೊತ್ತೇ ಇಲ್ಲ.

ಒಂದು ಲಕ್ಷಕ್ಕೆ ಕೊಂಡ ನಾಣ್ಯವನ್ನು ಒಂದೂವರೆ ಲಕ್ಷಕ್ಕೆ ಮಾರಿದರೆ ಲಾಭ 50 ಸಾವಿರ. ತೆರಿಗೆ 15,000, ಸೆಸ್ 600, ಒಟ್ಟು 15,600 ರೂಪಾಯಿ. ಅದೇ ವರ್ಷ ಇನ್ನೊಂದು ನಾಣ್ಯದಲ್ಲಿ 50 ಸಾವಿರ ನಷ್ಟವಾಗಿದ್ದರೆ ಕೈಗೆ ಉಳಿದ ಲಾಭ ಸೊನ್ನೆ. ಆದರೂ 15,600 ಕಟ್ಟಲೇಬೇಕು. ಏಕೆಂದರೆ ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

2023ರ ಮಾರ್ಚಿನಲ್ಲಿ ಈ ಸಂಸ್ಥೆಗಳನ್ನು ಅಕ್ರಮ ಹಣ ತಡೆ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ನೋಂದಾಯಿಸಿಕೊಳ್ಳದ ಒಂಬತ್ತು ವಿದೇಶಿ ಸಂಸ್ಥೆಗಳಿಗೆ ಆ ವರ್ಷದ ಡಿಸೆಂಬರಿನಲ್ಲಿ ನೋಟೀಸು ಹೋಯಿತು. ಅವುಗಳಲ್ಲಿ ದೊಡ್ಡದಾದ ಬೈನಾನ್ಸ್‌ಗೆ 2024ರಲ್ಲಿ 18.82 ಕೋಟಿ ರೂಪಾಯಿ ದಂಡ ಬಿತ್ತು. ನೋಂದಣಿ ಇದ್ದ ಮಾತ್ರಕ್ಕೆ ಎಲ್ಲವೂ ಭದ್ರವೆಂದೂ ಅಲ್ಲ. 2024ರ ಜುಲೈ 18ರಂದು ಭಾರತದ್ದೇ ಆದ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿಗೂ ಮಿಕ್ಕಿದ ನಾಣ್ಯ ಕಳವಾಯಿತು. ಬಹಾಮಾಸ್ ದ್ವೀಪದಲ್ಲಿ ಕಚೇರಿ ಇಟ್ಟುಕೊಂಡಿದ್ದ ಎಫ್‌ಟಿಎಕ್ಸ್ 2022ರ ನವೆಂಬರಿನಲ್ಲಿ ದಿವಾಳಿಯೆದ್ದಿತು.

ಅಟ್ಟದ ಅಡಿಕೆ

ಬೆಲೆಯ ಏರಿಳಿತದ ಬಗ್ಗೆ ಅಡಿಕೆ ಬೆಳೆಗಾರರಿಗೆ ಪಾಠ ಹೇಳಹೊರಡುವುದು ಸೂರ್ಯನಿಗೆ ದೀಪ ತೋರಿಸಿದಂತೆ. ಬೆಲೆ ಏರಲಿ ಎಂದು ಚಾಲಿಯನ್ನು ಅಟ್ಟದಲ್ಲಿ ಇಟ್ಟು ಕಾಯುವುದು ಈ ಸೀಮೆಯ ಹಳೆಯ ವಿದ್ಯೆ. ಬಿಟ್‌ಕಾಯಿನ್ 2021ರ ನವೆಂಬರಿನಲ್ಲಿ ಸುಮಾರು 69 ಸಾವಿರ ಡಾಲರಿಗೆ ಏರಿ, ಒಂದೇ ವರ್ಷದಲ್ಲಿ 16 ಸಾವಿರದ ಆಸುಪಾಸಿಗೆ ಬಿದ್ದು, 2024ರ ಡಿಸೆಂಬರಿನಲ್ಲಿ ಒಂದು ಲಕ್ಷ ಡಾಲರನ್ನು ದಾಟಿತು. ಅಡಿಕೆಯ ಬೆಲೆ ತೀರಾ ಬಿದ್ದ ಕಾಲದಲ್ಲಿ ಬೆಳೆಗಾರರೆಲ್ಲ ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಒಬ್ಬೊಬ್ಬನೇ ವ್ಯಾಪಾರಿಯ ಎದುರು ನಿಲ್ಲುವುದಕ್ಕಿಂತ ಹತ್ತು ಮಂದಿ ಸೇರಿ ನಿಲ್ಲುವುದು ಲೇಸೆಂಬ ಅನುಭವದಿಂದ ಹುಟ್ಟಿದ ಸಂಸ್ಥೆ ಅದು. ಬಿಟ್‌ಕಾಯಿನ್ನಿನ ತತ್ತ್ವ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರತಿಯೊಬ್ಬನೂ ತನಗೆ ತಾನೇ ಬ್ಯಾಂಕು, ತನಗೆ ತಾನೇ ಕಾವಲುಗಾರ. ಸ್ವಾತಂತ್ರ್ಯ ದೊಡ್ಡದು. ಅದರ ಹೊರೆಯೂ ಅಷ್ಟೇ ದೊಡ್ಡದು.

ಇಷ್ಟಾಗಿಯೂ ಕೊಳ್ಳುವೆನೆಂಬವರನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಅದು ಅಪರಾಧವಲ್ಲ. ಆದರೆ ಕೆಲವು ಕಟ್ಟುಪಾಡುಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ನೋಂದಾಯಿತ ಸಂಸ್ಥೆಯಲ್ಲಿ ನೇರವಾಗಿ ಕೊಳ್ಳಲು ಸಾಧ್ಯವಿರುವಾಗ ಪಿ-ಟು-ಪಿಯ ಗೊಡವೆ ಬೇಡ. ಸಂಬಳದ ಖಾತೆಯನ್ನೂ ಮನೆಯವರ ಖಾತೆಯನ್ನೂ ಇದಕ್ಕೆ ಎಂದಿಗೂ ಬಳಸಬಾರದು. ಒಪ್ಪಂದದಲ್ಲಿರುವ ಹೆಸರಿಗೂ ಹಣ ಬಂದ ಖಾತೆಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ನಾಣ್ಯ ಬಿಡಬಾರದು. 'ತಮ್ಮನ ಖಾತೆಯಿಂದ ಹಾಕಿದ್ದೇನೆ' ಎಂಬ ಮಾತೇ ಅಪಾಯದ ಗಂಟೆ. ಹಣ ಬಂದಿದೆ ಎಂಬ ಸಂದೇಶವನ್ನೋ ಎದುರಿನವನು ಕಳಿಸಿದ ಚಿತ್ರವನ್ನೋ ನಂಬದೆ ಬ್ಯಾಂಕಿನ ಪುಸ್ತಕವನ್ನೇ ನೋಡಬೇಕು. ವ್ಯವಹಾರದ ಸಂಖ್ಯೆ, ದಿನಾಂಕ, ಮಾತುಕತೆ ಎಲ್ಲವನ್ನೂ ಕಾದಿಡಬೇಕು. ಖಾತೆ ನಿಂತಾಗ ನಿರಪರಾಧಿಯೆಂದು ತೋರಿಸಲು ಇರುವುದು ಅವೇ. ಮೋಸ ಹೋದೆವೆಂದು ತಿಳಿದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು. ನಾಳೆ ನೋಡೋಣವೆಂದರೆ ಹಣ ಅಷ್ಟರಲ್ಲಿ ಹತ್ತು ಖಾತೆ ದಾಟಿರುತ್ತದೆ.

ಮನೆಯ ಹಿರಿಯರಿಗೂ ಇಲ್ಲಿ ಒಂದು ಕೆಲಸವಿದೆ. ಖಾತೆ ನಿಂತುಹೋದ ಹುಡುಗ ಮೊದಲು ಹೆದರುವುದು ಪೊಲೀಸರಿಗಲ್ಲ, ಅಪ್ಪನಿಗೆ. ಹೇಳದೆ ಮುಚ್ಚಿಟ್ಟು, ಸಾಲ ಮಾಡಿ ಕಂತು ಕಟ್ಟಿ, ಖಾತೆ ಬಿಡಿಸಿಕೊಡುತ್ತೇವೆಂದು ಬರುವ ಹೊಸ ವಂಚಕರಿಗೂ ಹಣ ಸುರಿದು ಕಂಗಾಲಾಗುವುದು ಈ ಹೆದರಿಕೆಯಿಂದಲೇ. 'ಆಯಿತು ಮಗಾ, ಕೂತುಕೋ, ಏನಾಯಿತು ಹೇಳು' ಎನ್ನುವ ಒಂದು ಮಾತು ಅಲ್ಲಿ ವಕೀಲರಿಗಿಂತ ಮೊದಲು ಒದಗುವ ಸಹಾಯ.

ಬ್ಯಾಂಕೆಂಬ ಮಧ್ಯಸ್ಥನನ್ನು ನಂಬುವ ಅಗತ್ಯವೇ ಇಲ್ಲದ ಹಣವನ್ನು ಕಟ್ಟುತ್ತೇನೆಂದು ನಕಮೋಟೊ ಹೊರಟದ್ದು. ಗಣಿತದ ಮಟ್ಟಿಗೆ ಅದು ಸಾಧ್ಯವಾಯಿತು. ಆ ಲೆಡ್ಜರು ಸುಳ್ಳು ಹೇಳುವುದಿಲ್ಲ. ಆದರೆ ಲೆಡ್ಜರಿನ ಹೊರಗೆ ರೂಪಾಯಿ ಕೊಡುವ ಕೈ, ಪಡೆಯುವ ಕೈ ಮನುಷ್ಯರವೇ. ಎರಡಾಣೆ ಪಿಗ್ಮಿ ಕಟ್ಟುತ್ತಿದ್ದ ಅಜ್ಜಿ ಏಜೆಂಟನ ಮುಖ ನೋಡಿ, ಪುಸ್ತಕದಲ್ಲಿ ಬರೆಸಿಕೊಂಡು ದುಡ್ಡು ಕೊಡುತ್ತಿದ್ದಳು. ಯಂತ್ರ ಎಷ್ಟೇ ಹೊಸದಾದರೂ ಆ ಎರಡು ಜಾಗ್ರತೆಗಳು ಹಳತಾಗುವುದಿಲ್ಲ.